ಗದಗ ಸಿಕ್ಕಿತು, ಕೊಪ್ಪಳ ಸಿಗಲಿಲ್ಲ

(ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಾಫ್ಟ್‌ವೇರ್ ಕೆಲಸದಲ್ಲಿ ಕೈ ಪಳಗೋದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ಯಾವ ಭಾಷೆ ಕಲಿಯಬೇಕು, ಯಾವ ಫ್ರೇಮ್‌ವರ್ಕ್ ಹಿಡಿಯಬೇಕು ಅನ್ನೋದನ್ನು ನಾನು ಹೇಳುವುದಿಲ್ಲ. ನೀವು ಸೇರುವ ಜಾಗವೇ ಅದನ್ನು ಕಲಿಸುತ್ತದೆ. ನಾನು ಒಂದು ಬಗ್‌ನ, ಅಂದರೆ ಕೋಡಿನೊಳಗಿನ ತಪ್ಪಿನ, ಕತೆ ಹೇಳುತ್ತೇನೆ. ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಒಂದೇ ಬಗ್‌ನಿಂದ ಬಂದದ್ದು.

ಬೋರ್ಡಿನ ಮೇಲೆ ಹತ್ತು ಊರುಗಳ ಹೆಸರು ಬರೆದಿದ್ದೇನೆ, ನೋಡಿ.

ಎಡಗಡೆ: ಗದಗ, ಹಾಸನ, ಮಂಡ್ಯ, ತುಮಕೂರು, ಬೆಳಗಾವಿ.
ಬಲಗಡೆ: ಕೊಪ್ಪಳ, ಕೋಲಾರ, ಹಾವೇರಿ, ಬೀದರ್, ಮೈಸೂರು.

ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಹೊಸ ಸಾಫ್ಟ್‌ವೇರಿಗೆ ತರುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಹೆಸರು, ಊರು, ತಂದೆಯ ಹೆಸರು, ಎಲ್ಲವೂ ಕನ್ನಡದಲ್ಲೇ. ಪಟ್ಟಿ ಬಂತು, ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಆಮೇಲೆ ಸಂಘದ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು. "ಸರ್, ಹುಡುಕಿದರೆ ಕೆಲವರು ಸಿಗ್ತಾರೆ, ಕೆಲವರು ಸಿಗಲ್ಲ. ಪಟ್ಟಿಯಲ್ಲಿ ಕಣ್ಣಿಗೆ ಕಾಣ್ತಾರೆ, ಹುಡುಕಿದರೆ ಮಾತ್ರ ಇಲ್ಲ ಅನ್ನುತ್ತೆ." ಎಡಗಡೆ ಇರುವುದು ಸಿಕ್ಕ ಊರುಗಳು. ಬಲಗಡೆ ಇರುವುದು ಸಿಗದ ಊರುಗಳು. ಯಾಕಿರಬಹುದು?

ಇಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಹೇಳಿದ: "ದೀರ್ಘ ಇರುವುದೆಲ್ಲ ಬಲಗಡೆ ಇದೆ ಸರ್." ಒಳ್ಳೆಯ ಊಹೆ. ಕೋಲಾರ, ಹಾವೇರಿ, ಬೀದರ್, ಮೂರಕ್ಕೂ ಹೊಂದುತ್ತದೆ. ಆದರೆ ತುಮಕೂರು? ಅಲ್ಲಿ ಕೂ ಇದೆ, ಆದರೂ ಸಿಕ್ಕಿತು. ಕೊಪ್ಪಳದಲ್ಲಿ ದೀರ್ಘವೇ ಇಲ್ಲ, ಆದರೂ ಸಿಗಲಿಲ್ಲ. ಊಹೆ ಬಿತ್ತು. ಅದು ಬಿದ್ದಿದ್ದೇ ಲಾಭ, ಯಾಕೆಂದರೆ ಅರ್ಧ ನಿಮಿಷದಲ್ಲಿ ಒಂದು ದಾರಿ ಮುಚ್ಚಿತು. ಈ ಅರ್ಧ ನಿಮಿಷವನ್ನು ನೆನಪಿಟ್ಟುಕೊಳ್ಳಿ. ಯಾಕೆಂದರೆ ನಾನು ಇದೇ ಬಗ್ ಹಿಡಿಯಲು ಕೂತಾಗ ಒಂದು ಇಡೀ ದಿನ ಕಳೆದೆ, ಒಂದೇ ಒಂದು ದಾರಿಯೂ ಮುಚ್ಚಲಿಲ್ಲ.

ಅವತ್ತು ನಾನು ಮಾಡಿದ್ದು ಇಷ್ಟು. ಡೇಟಾಬೇಸಿನ ಸೆಟ್ಟಿಂಗ್ ಬದಲಾಯಿಸಿದೆ. ಕೋಡನ್ನು ಸರ್ವರಿಗೆ ಕಳಿಸಿದೆ. ಪಟ್ಟಿ ಪೂರ್ತಿ ಮತ್ತೆ ತುಂಬಿಸಿದೆ. ಬ್ರೌಸರಿನಲ್ಲಿ ಹುಡುಕಿದೆ. ಸಿಗಲಿಲ್ಲ. ಈ ಒಂದು ಸುತ್ತಿಗೆ ಮುಕ್ಕಾಲು ಗಂಟೆ. ಮತ್ತೊಂದು ಸೆಟ್ಟಿಂಗ್, ಮತ್ತೆ ಮುಕ್ಕಾಲು ಗಂಟೆ. ಕಾಯುವಾಗ ಫೋನ್ ನೋಡುತ್ತೇವೆ, ಟೀ ಕುಡಿಯುತ್ತೇವೆ. ವಾಪಸ್ ಬರುವ ಹೊತ್ತಿಗೆ ಏನನ್ನು ಯಾಕೆ ಬದಲಾಯಿಸಿದ್ದೆವು ಅನ್ನೋದು ಅರ್ಧ ಮರೆತಿರುತ್ತದೆ. ಸಂಜೆ ಲೆಕ್ಕ ಹಾಕಿದರೆ ಎಂಟೋ ಒಂಬತ್ತೋ ಪ್ರಯತ್ನ. ಅದರಲ್ಲಿ ಎರಡು ಸಲ ಒಂದೇ ಪ್ರಯತ್ನವನ್ನು ಮತ್ತೆ ಮಾಡಿದ್ದೆ.

ಮಾರನೇ ದಿನ ನಮ್ಮ ತಂಡದ ಹಿರಿಯರೊಬ್ಬರು ಪಕ್ಕ ಬಂದು ಕೂತರು. ಏನಾಯಿತು ಅಂತ ಕೇಳಲಿಲ್ಲ. "ಒಂದೇ ಒಂದು ಊರು ತಗೋ. ಸರ್ವರ್ ಬೇಡ, ಬ್ರೌಸರ್ ಬೇಡ. ಕೀಬೋರ್ಡಿನಲ್ಲಿ ಕೊಪ್ಪಳ ಅಂತ ಟೈಪ್ ಮಾಡು, ಪಟ್ಟಿಯಿಂದ ಕೊಪ್ಪಳ ತಗೊಂಡು ಪಕ್ಕಕ್ಕಿಡು. ಎರಡೂ ಒಂದೇನಾ ಅಂತ ಪೈಥಾನನ್ನೇ ಕೇಳು," ಅಂದರು.

ಕೇಳಿದೆ. ಒಂದಲ್ಲ ಅಂದಿತು.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಸರಿ, ಯಂತ್ರಕ್ಕೆ ಏನು ಕಾಣುತ್ತಿದೆ ಅಂತ ನೋಡೋಣ ಅಂತ ಒಂದೊಂದು ಚಿಹ್ನೆಯ ಯೂನಿಕೋಡ್ ಸಂಖ್ಯೆ ಕೇಳಿದೆವು. ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಏರ್ಪಾಡು, ಅದರಲ್ಲಿ ಕನ್ನಡಕ್ಕೆ ಮೀಸಲಿಟ್ಟ ಜಾಗ 3200ರಿಂದ 3327ರವರೆಗೆ. ಕೀಬೋರ್ಡಿನಲ್ಲಿ ಒತ್ತಿದ 'ಕೊ'ಗೆ ಎರಡು ಸಂಖ್ಯೆ ಬಂತು: 3221, 3274. ಮೊದಲನೆಯದು ಕ, ಎರಡನೆಯದು ಒತ್ವ. ಪಟ್ಟಿಯಿಂದ ಬಂದ 'ಕೊ'ಗೆ ಮೂರು ಸಂಖ್ಯೆ ಬಂತು: 3221, 3270, 3266. ಅಂದರೆ ಕ, ಎತ್ವ, ಆಮೇಲೆ ಕೂನಲ್ಲಿ ಬರುತ್ತದಲ್ಲ, ಆ ಚಿಹ್ನೆ. ಎರಡು ತುಂಡು ಪಕ್ಕಪಕ್ಕ ಕೂತು ಒತ್ವದ ಹಾಗೆಯೇ ಕಾಣುತ್ತಿದ್ದವು.

ಈ ತುಂಡುಗಳು ಎಲ್ಲಿಂದ ಬಂದವು? ಆ ಪಟ್ಟಿ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಆಗಿತ್ತು. ಯೂನಿಕೋಡ್ ನಮ್ಮ ಕಚೇರಿಗಳಿಗೆ ಬರುವ ಮೊದಲು ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆಯಲು ಇದ್ದ ದಾರಿ ಅದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಫೈಲ್ ತೆರೆದರೆ, ತಲೆ ಮೇಲೆ ಗೆರೆ ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಕಾಣುತ್ತವೆ. ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಅಲ್ಲಿ ಅಕ್ಷರವನ್ನು ಅಕ್ಷರವಾಗಿ ಇಡುವುದಿಲ್ಲ, ಅದರ ಆಕಾರದ ತುಂಡುಗಳನ್ನು ಇಡುತ್ತಾರೆ. ತಲಕಟ್ಟಿಗೆ ಒಂದು ತುಂಡು, ಎತ್ವಕ್ಕೆ ಒಂದು, ದೀರ್ಘಕ್ಕೆ ಒಂದು. ಆ ಏರ್ಪಾಡಿನಲ್ಲಿ ತಪ್ಪೇನಿಲ್ಲ. ತಪ್ಪು ಇದ್ದದ್ದು ನಾನು ಬರೆದ ಕನ್ವರ್ಟರಿನಲ್ಲಿ. ಅದು ಒಂದೊಂದು ತುಂಡನ್ನೂ ಒಂದೊಂದು ಯೂನಿಕೋಡ್ ಚಿಹ್ನೆಗೆ ಬದಲಾಯಿಸಿ ಸುಮ್ಮನಾಗುತ್ತಿತ್ತು. ತುಂಡುಗಳನ್ನು ಸೇರಿಸಿ ಒಂದು ಚಿಹ್ನೆ ಮಾಡುತ್ತಿರಲಿಲ್ಲ.

ಈಗ ಬೋರ್ಡನ್ನು ಮತ್ತೆ ನೋಡಿ. ಒಂದನೇ ತರಗತಿಯಲ್ಲಿ ಕಾಗುಣಿತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ನಮ್ಮ ಶಾಲೆಯಲ್ಲಿ ಹೇಳಿಕೊಟ್ಟದ್ದು ಹೀಗೆ: ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ. ಕ ಕೊಂಬು ಕು, ಕೊಂಬಿನ ಇಳಿ ಕೂ. ಕ ಎತ್ವ ಕೆ, ಎತ್ವದ ದೀರ್ಘ ಕೇ. ಉತ್ತರ ಆ ಬಾಯಿಪಾಠದಲ್ಲೇ ಇದೆ! ಕೀ ಅಂದರೆ ಗುಡಿಸು, ಅದರ ಮೇಲೆ ದೀರ್ಘ: ಎರಡು ತುಂಡು. ಕೇ ಅಂದರೆ ಎತ್ವ, ಅದರ ಮೇಲೆ ದೀರ್ಘ: ಎರಡು ತುಂಡು. ಕೋ ಅಂತೂ ಮೂರು ತುಂಡು. ಆದರೆ ಕೂಗೆ 'ಕೊಂಬಿನ ದೀರ್ಘ' ಅನ್ನಲಿಲ್ಲ, 'ಕೊಂಬಿನ ಇಳಿ' ಅಂದೆವು. ಅದರ ಆಕಾರವೇ ಬೇರೆ, ಅದು ಒಂದೇ ತುಂಡು. ಅದಕ್ಕೇ ತುಮಕೂರು ಸಿಕ್ಕಿತು. ಮೈಸೂರಿನ ಮೈ ಎರಡು ತುಂಡು, ಅದಕ್ಕೇ ಸಿಗಲಿಲ್ಲ. ಹತ್ತು ಊರುಗಳೂ ಸಾಲಾಗಿ ಹೊಂದಿಕೊಂಡವು.

ಪರಿಹಾರ ಒಂದೇ ಸಾಲು. ಯೂನಿಕೋಡ್ ರೂಪಿಸಿದವರು ಈ ತೊಂದರೆಯನ್ನು ಮೊದಲೇ ಕಂಡಿದ್ದರು. ಎತ್ವ ಮತ್ತು ಕೂನ ಚಿಹ್ನೆ ಜೊತೆಯಾಗಿ ಬಂದರೆ ಅದು ಒತ್ವಕ್ಕೆ ಸಮ ಅಂತ ಅವರ ಕೋಷ್ಟಕದಲ್ಲೇ ಬರೆದಿದೆ. ಹೀಗೆ ಸಮ ಇರುವುದನ್ನೆಲ್ಲ ಒಂದೇ ರೂಪಕ್ಕೆ ತರುವ ಕೆಲಸಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ಎಲ್ಲದರಲ್ಲೂ ಅದಕ್ಕೆ ಸಿದ್ಧ ಫಂಕ್ಷನ್ ಇದೆ. ತುಂಡುಗಳು ಸೇರಿ ಒಂದಾಗುವ ಎನ್ಎಫ್‌ಸಿ ಅನ್ನುವ ರೂಪಕ್ಕೆ ತಂದರೆ ಸಾಕು, ಮೂರು ಸಂಖ್ಯೆ ಎರಡಾಗುತ್ತವೆ. ಹಿರಿಯರು ಪಕ್ಕ ಕೂತು ಇಪ್ಪತ್ತು ನಿಮಿಷ ಆಗಿರಲಿಲ್ಲ.

ನಾನು ಬಹಳ ದಿನ ಇದನ್ನೇ ಯೋಚಿಸಿದೆ. ಅವರಿಗೆ ಯೂನಿಕೋಡ್ ನನಗಿಂತ ಜಾಸ್ತಿ ಗೊತ್ತಿತ್ತಾ? ಇಲ್ಲ. ಆ ಕೋಷ್ಟಕವನ್ನು ನಾವಿಬ್ಬರೂ ಅವತ್ತೇ ಮೊದಲು ನೋಡಿದ್ದು. ಅವರಿಗೆ ಗೊತ್ತಿದ್ದದ್ದು ಸುತ್ತನ್ನು ಚಿಕ್ಕದು ಮಾಡುವುದು. ಕೋಡ್ ಬದಲಾಯಿಸಿದ ಕ್ಷಣಕ್ಕೂ ಅದರ ಫಲ ಕಣ್ಣಿಗೆ ಕಾಣುವ ಕ್ಷಣಕ್ಕೂ ನಡುವೆ ಎಷ್ಟು ಹೊತ್ತು ಅನ್ನೋದೇ ಆ ಸುತ್ತು. ನನ್ನದು ಮುಕ್ಕಾಲು ಗಂಟೆ ಇತ್ತು. ಅವರು ಅದನ್ನು ಎರಡು ಸೆಕೆಂಡಿಗೆ ತಂದರು. ಎರಡು ಸೆಕೆಂಡಿನ ಸುತ್ತಿನಲ್ಲಿ ತಪ್ಪು ಊಹೆಗೆ ಬೆಲೆಯೇ ಇಲ್ಲ. ಹತ್ತು ತಪ್ಪು ಊಹೆ ಮಾಡಿ, ಹತ್ತರಿಂದಲೂ ಏನಾದರೂ ತಿಳಿಯುತ್ತದೆ. ದೋಸೆ ಹುಯ್ಯೋದು ಕಲಿಯುವುದು ಹೀಗೇ ಅಲ್ವಾ? ಮೊದಲನೆಯದು ಕಾವಲಿಗೆ ಅಂಟುತ್ತದೆ, ಉರಿ ತಗ್ಗಿಸುತ್ತೀರಿ, ಎರಡನೆಯದು ಏಳುತ್ತದೆ. ತಿಂಗಳಿಗೊಂದು ದೋಸೆ ಹುಯ್ದರೆ ಯಾರಿಗೂ ಕೈ ಕೂರುವುದಿಲ್ಲ.

ಹಾಗಾಗಿ ಹೊಸ ಕೆಲಸಕ್ಕೆ ಕೂತಾಗ ನಾನು ಮೊದಲು ನೋಡುವುದು ಈ ಸುತ್ತನ್ನೇ. ಕೋಡ್ ಸರಿ ಇದೆಯಾ ಅಂತ ತಾನೇ ನೋಡುವ ಟೆಸ್ಟ್ ಓಡಿಸಲು ಐದು ಆಜ್ಞೆ ಟೈಪ್ ಮಾಡಬೇಕಾ? ಒಂದು ಸ್ಕ್ರಿಪ್ಟಿಗೆ ಹಾಕಿ, ಒಂದೇ ಆಜ್ಞೆ ಮಾಡುತ್ತೇನೆ. ಪೂರ್ತಿ ಡೇಟಾ ಬೇಕಾ? ಹತ್ತು ಸಾಲಿನ ಫೈಲ್ ಮಾಡಿಕೊಳ್ಳುತ್ತೇನೆ, ಅದರಲ್ಲಿ ಕಷ್ಟದ ಸಾಲುಗಳೇ ಇರುವ ಹಾಗೆ. ಬೋರ್ಡಿನ ಮೇಲಿರುವ ಹತ್ತು ಊರುಗಳನ್ನೂ ಹೀಗೇ ಒಂದು ಟೆಸ್ಟ್ ಮಾಡಿಟ್ಟೆವು. ಇದಕ್ಕೆ ಮೊದಲ ದಿನ ಅರ್ಧ ದಿನ ಹೋಗುತ್ತದೆ. ಮ್ಯಾನೇಜರ್ "ಏನು ಮಾಡಿದೆ?" ಅಂದರೆ ತೋರಿಸಲು ಏನೂ ಇರುವುದಿಲ್ಲ. ಆದರೂ ಮಾಡಿ. ಆ ಅರ್ಧ ದಿನ ವಾರದೊಳಗೆ ವಾಪಸ್ ಬರುತ್ತದೆ.

ಇನ್ನೊಂದು ಮಾತು, ಇದೇ ಕತೆಯದು. ನಾರ್ಮಲೈಸ್ ಮಾಡಿದ ಮೇಲೂ ಒಂದು ಬಗ್ ಉಳಿದಿತ್ತು. 'ರಾಜ್‌ಕುಮಾರ್ ರಸ್ತೆ' ಅನ್ನೋ ವಿಳಾಸ ಒಬ್ಬರಿಗೆ ಸಿಗುತ್ತಿತ್ತು, ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಜ ಅರ್ಧಾಕ್ಷರವಾಗಿ ನಿಲ್ಲಲಿ, ಅದರ ಕೆಳಗೆ ಕ ಒತ್ತಾಗಿ ಕೂರದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಅದರ ಸಂಖ್ಯೆ 8204. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ನಾರ್ಮಲೈಸೇಶನ್ ಅದನ್ನು ಮುಟ್ಟುವುದಿಲ್ಲ. ಈ ಬಗ್ ಹಿಡಿಯಲು ನನಗೆ ಹತ್ತು ನಿಮಿಷ ಸಾಕಾಯಿತು. ಎರಡು ಹೆಸರು ಪಕ್ಕಪಕ್ಕ ಇಟ್ಟು ಸಂಖ್ಯೆ ಕೇಳಿದೆ, ಅಷ್ಟೇ. ಸದಸ್ಯರು ಕೊಟ್ಟ ಹೆಸರನ್ನು ಹಾಗೇ ಉಳಿಸಿ, ಹುಡುಕಲಿಕ್ಕೆ ಅಂತ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ 8204 ತೆಗೆದೆವು. ಜನರ ಹೆಸರನ್ನು ನಮ್ಮ ಅನುಕೂಲಕ್ಕೆ ತಿದ್ದಬಾರದು.

ಇಲ್ಲಿ ಕಲಿತ ಇನ್ನೊಂದು ವಿಷಯ, ನೀವು ಬಳಸುವ ವಸ್ತುವಿನ ಒಂದು ಮೆಟ್ಟಿಲು ಕೆಳಗೆ ಇಳಿದು ನೋಡುವುದು. ಹತ್ತು ಮೆಟ್ಟಿಲು ಬೇಡ, ಒಂದೇ. 'ಕನ್ನಡ' ಅನ್ನೋ ಪದ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಪೈಥಾನಿಗೆ ಉದ್ದ ಕೇಳಿದರೆ 5 ಅನ್ನುತ್ತದೆ, ಯಾಕೆಂದರೆ ನ್ನ ಒಳಗೆ ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಮೂರಿವೆ. ಅದನ್ನೇ ಯುಟಿಎಫ್-8 ಅನ್ನೋ, ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಇಡುವ ರೀತಿಯಲ್ಲಿ ಫೈಲಿಗೆ ಬರೆದರೆ 15 ಬೈಟ್. ಇದು ಗೊತ್ತಿಲ್ಲದೆ ಹೆಸರಿನ ಕಾಲಂ 20 ಬೈಟ್ ಸಾಕು ಅಂತ ಇಟ್ಟವರನ್ನು ನೋಡಿದ್ದೇನೆ. ಎಸ್ಎಂಎಸ್ ಇನ್ನೊಂದು ಉದಾಹರಣೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಬಂದ ತಕ್ಷಣ ಆ ಮಿತಿ 70ಕ್ಕೆ ಇಳಿಯುತ್ತದೆ, ಮತ್ತೆ ಆ 70ರಲ್ಲಿ 'ಕನ್ನಡ' ಐದನ್ನು ತಿನ್ನುತ್ತದೆ. ರೈತರಿಗೆ ಕನ್ನಡದಲ್ಲಿ ಮೆಸೇಜ್ ಕಳಿಸುವ ಸಾಫ್ಟ್‌ವೇರ್ ಬರೆಯುವವರು ಇದನ್ನು ಮೊದಲ ದಿನವೇ ತಿಳಿದಿರಬೇಕು. ತಿಂಗಳ ಬಿಲ್ ಬಂದ ಮೇಲೆ ತಿಳಿದರೆ ತಡವಾಯಿತು.

ಈಗ ಗಿಟ್ ಬಗ್ಗೆ, ಅಂದರೆ ಕೋಡಿಗೆ ಮಾಡಿದ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಫ್ಟ್‌ವೇರ್ ಬಗ್ಗೆ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿದ್ದು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅಲ್ಲಿಯವರೆಗೆ ಬಳಸುತ್ತಿದ್ದ, ಇಂಥದೇ ಕೆಲಸದ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತಾಗ, ತಾವೇ ಒಂದನ್ನು ಬರೆದರು. ನಮ್ಮಲ್ಲಿ ಹೆಚ್ಚಿನವರು ಗಿಟ್ಟನ್ನು ಕೋಡ್ ಕಳಿಸುವ ಚೀಲದ ಹಾಗೆ ಬಳಸುತ್ತೇವೆ. ದಿನವಿಡೀ ಬರೆದು, ಸಂಜೆ ಎಲ್ಲವನ್ನೂ ಒಂದೇ ಕಮಿಟ್ ಮಾಡಿ, ಅಂದರೆ ಒಂದೇ ದಾಖಲೆಯಾಗಿ ಸೇರಿಸಿ, ಮೇಲೆ 'ಫಿಕ್ಸ್' ಅಂತ ಬರೆದು ಮನೆಗೆ ಹೋಗುತ್ತೇವೆ.

ಅದರ ಬೆಲೆ ನಾನು ಕಂಡದ್ದು ಒಂದು ಪಿಡಿಎಫ್ ತೊಂದರೆಯಲ್ಲಿ. ರಸೀದಿಯ ಪ್ರಿಂಟ್‌ನಲ್ಲಿ ಒತ್ತಕ್ಷರಗಳು ಒಡೆದು ಬರುತ್ತಿದ್ದವು. ಎರಡು ತಿಂಗಳ ಹಿಂದೆ ಸರಿ ಇತ್ತು. ನಡುವೆ ಸುಮಾರು 300 ಕಮಿಟ್. ಇದಕ್ಕೆ ಗಿಟ್‌ನಲ್ಲಿ ಬೈಸೆಕ್ಟ್ ಅನ್ನೋ ಆಜ್ಞೆ ಇದೆ. ಸರಿ ಇದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ತೋರಿಸಿದರೆ, ಅದು ನಟ್ಟನಡುವಿನದನ್ನು ತೆರೆದು ಕೊಡುತ್ತದೆ. ಸರಿ ಇದೆಯಾ, ಕೆಟ್ಟಿದೆಯಾ ಅಂತ ಹೇಳಿದರೆ ಅರ್ಧವನ್ನು ಬಿಟ್ಟು ಉಳಿದರ್ಧದ ನಡುವಿಗೆ ಹೋಗುತ್ತದೆ. 300 ಕಮಿಟ್ ಆದರೂ ಒಂಬತ್ತು ಸಲ ನೋಡಿದರೆ ಮುಗಿಯಿತು. 1000 ಇದ್ದರೂ ಹತ್ತೇ ಸಲ. ಟೆಸ್ಟ್ ಸ್ಕ್ರಿಪ್ಟ್ ಕೊಟ್ಟರೆ ನೀವು ನೋಡುವುದೂ ಬೇಡ, ಅದೇ ಓಡಿಸಿಕೊಂಡು ಹೋಗುತ್ತದೆ.

ಒಂಬತ್ತನೇ ಸುತ್ತಿಗೆ ಅಪರಾಧಿ ಕಮಿಟ್ ಸಿಕ್ಕಿತು. ತೆರೆದು ನೋಡಿದರೆ ಅದರಲ್ಲಿ 40 ಫೈಲ್. ಸಂದೇಶ 'ಫಿಕ್ಸ್'. ಬರೆದವನು ನಾನೇ. ಆ 40 ಫೈಲಿನೊಳಗೆ ಹುಡುಕಲು ಮತ್ತೆ ಒಂದು ಮಧ್ಯಾಹ್ನ ಬೇಕಾಯಿತು. ಫಾಂಟ್ ಬದಲಾವಣೆಯೊಂದನ್ನು ಬೇರೆ ಕಮಿಟ್ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವತ್ತಿನಿಂದ ಒಂದು ಕಮಿಟ್‌ಗೆ ಒಂದೇ ಕೆಲಸ, ಮತ್ತು ಸಂದೇಶದಲ್ಲಿ 'ಏನು' ಅನ್ನೋದಕ್ಕಿಂತ 'ಯಾಕೆ' ಅನ್ನೋದನ್ನು ಬರೆಯುತ್ತೇನೆ. ಏನು ಬದಲಾಯಿತು ಅಂತ ಗಿಟ್ಟೇ ತೋರಿಸುತ್ತದೆ. ಯಾಕೆ ಅಂತ ನೀವು ಬರೆಯದಿದ್ದರೆ ಇನ್ನೆಲ್ಲೂ ಇರುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಟೆಕ್ ಅನ್ನೋ ಅಕ್ಷರ ಜೋಡಣೆಯ ಸಾಫ್ಟ್‌ವೇರ್ ಬರೆಯುವಾಗ 1978ರಿಂದಲೇ ಅದರ ತಪ್ಪುಗಳನ್ನೆಲ್ಲ ಬರೆದಿಟ್ಟರು. ಮರೆತದ್ದು, ಟೈಪಿಂಗ್ ತಪ್ಪು, ಯೋಚನೆಯೇ ತಪ್ಪಿದ್ದು ಅಂತ ಒಂದೊಂದಕ್ಕೂ ಒಂದು ಅಕ್ಷರದ ಗುರುತು ಕೊಟ್ಟು ವಿಂಗಡಿಸಿದರು. 1989ರಲ್ಲಿ ಆ ಪಟ್ಟಿಯನ್ನು ಎಲ್ಲರೂ ಓದಲಿ ಅಂತ ಪ್ರಕಟಿಸಿದರು. ಅಂಥ ದೊಡ್ಡವರು ತಮ್ಮ ತಪ್ಪನ್ನು ಅಷ್ಟು ಶ್ರದ್ಧೆಯಿಂದ ಬರೆದಿಟ್ಟದ್ದು ನನಗೆ ಬಹಳ ಹಿಡಿಸಿತು. ನನ್ನ ಪುಸ್ತಕದಲ್ಲಿ ಪ್ರತಿ ಬಗ್‌ಗೆ ನಾಲ್ಕು ಸಾಲು. ಏನು ಕಂಡಿತು, ಏನು ಊಹಿಸಿದೆ, ನಿಜವಾಗಿ ಏನಿತ್ತು, ಇದನ್ನು ಬೇಗ ಹಿಡಿಯಲು ಏನು ಮಾಡಬಹುದಿತ್ತು. ನಾಲ್ಕನೆಯ ಸಾಲು ಬರೆಯುವುದೇ ಕಷ್ಟ. ಒಂದು ವರ್ಷದ ಮೇಲೆ ಓದಿದಾಗ ಆ ಸಾಲುಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು: "ಡೇಟಾವನ್ನು ಮೊದಲೇ ಕಣ್ಣಾರೆ ನೋಡಬೇಕಿತ್ತು." ಯಾವ ಕೋರ್ಸೂ ನನಗೆ ಅದನ್ನು ಹೇಳುತ್ತಿರಲಿಲ್ಲ, ಯಾಕೆಂದರೆ ಅದು ನನ್ನ ಅಭ್ಯಾಸದ ದೋಷ.

ಆ ನೋಟ್‌ಬುಕ್ಕನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಇಂಗ್ಲಿಷ್ ಬೇಕು, ದಸ್ತಾವೇಜು ಓದಲು ಬೇಕೇ ಬೇಕು, ಅದನ್ನು ದಿನಾ ಸ್ವಲ್ಪ ಕಲಿಯಿರಿ. ಆದರೆ ಯೋಚನೆ ಸಿಕ್ಕು ಬಿದ್ದಾಗ ಅದನ್ನು ಬಿಡಿಸಲು ನಿಮ್ಮ ನಾಲಿಗೆಗೆ ಸಲೀಸಾದ ಭಾಷೆಯೇ ಆಗಬೇಕು. ಕೊಪ್ಪಳದ ಒಗಟು ಕಾಗುಣಿತದಿಂದ ಬಿಡಿಸಿದ್ದು ನೋಡಿದಿರಲ್ಲ.

ಹಿರಿಯರನ್ನು ಕೇಳಲು ಹಿಂಜರಿದು ಎರಡು ದಿನ ಒಬ್ಬರೇ ಕೂರಬೇಡಿ. ಅರ್ಧ ಗಂಟೆ ನೀವೇ ನೋಡಿ. ಆಮೇಲೆ ಬರೆದುಕೊಂಡು ಹೋಗಿ: ಇದು ಮಾಡಿದೆ, ಇದು ಆಗಬೇಕಿತ್ತು, ಇದು ಆಯಿತು. ಎಷ್ಟೋ ಸಲ ಬರೆಯುವಾಗಲೇ ಉತ್ತರ ಸಿಗುತ್ತದೆ.

ಎಐ ಬಗ್ಗೆ ಕೇಳಿಯೇ ಕೇಳುತ್ತೀರಿ, ಅದಕ್ಕೇ ಹೇಳಿಬಿಡುತ್ತೇನೆ. ಬಳಸಿ. ನಾನೂ ದಿನಾ ಬಳಸುತ್ತೇನೆ. ಆದರೆ "ಸರ್ಚ್ ಕೆಲಸ ಮಾಡುತ್ತಿಲ್ಲ" ಅಂತ ಕೇಳಿದರೆ ಅದು ಹತ್ತು ಕಾರಣ ಪಟ್ಟಿ ಮಾಡುತ್ತದೆ, ನೀವು ಹತ್ತನ್ನೂ ಮುಕ್ಕಾಲು ಗಂಟೆಗೊಂದರಂತೆ ಪರೀಕ್ಷಿಸುತ್ತಾ ಕೂರುತ್ತೀರಿ. "ಒಂದರಲ್ಲಿ 3221, 3274 ಇದೆ, ಇನ್ನೊಂದರಲ್ಲಿ 3221, 3270, 3266 ಇದೆ, ಯಾಕೆ?" ಅಂತ ಕೇಳಿದರೆ ನೇರ ಉತ್ತರ ಬರುವ ಸಾಧ್ಯತೆ ಬಹಳ ಜಾಸ್ತಿ. ಅಷ್ಟು ಚಿಕ್ಕ ಪ್ರಶ್ನೆಯವರೆಗೆ ಬರುವ ಕೆಲಸ ನಿಮ್ಮದೇ. ಬಂದ ಉತ್ತರ ಸರಿಯೇ ಅಂತ ಎರಡು ಸೆಕೆಂಡಿನಲ್ಲಿ ನೋಡಲು ನಿಮ್ಮ ಹತ್ತಿರ ಟೆಸ್ಟ್ ಇರಬೇಕು.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಒಬ್ಬಳು ಹುಡುಗಿ ಕೇಳಿದಳು: "ಸರ್, ಆ ಹತ್ತು ಊರುಗಳ ಟೆಸ್ಟ್ ಈಗಲೂ ಇದೆಯಾ?"

ಇದೆ. ಯಾರು ಕೋಡ್ ಕಳಿಸಿದರೂ ಮೊದಲು ಅದು ಓಡುತ್ತದೆ. ಈಚೆಗೆ ಒಂದು ದಿನ ಅದು ಕೆಂಪಾಯಿತು, ಅಂದರೆ ಫೇಲ್ ಆಯಿತು. ಹೊಸದಾಗಿ ಸೇರಿದವರೊಬ್ಬರು ಪಟ್ಟಿ ಓದುವ ಲೈಬ್ರರಿಯನ್ನು ಬದಲಾಯಿಸುವಾಗ ನಾರ್ಮಲೈಸ್ ಮಾಡುವ ಸಾಲು ಬಿಟ್ಟುಹೋಗಿತ್ತು. ಪರದೆಯ ಮೇಲೆ ಕೊಪ್ಪಳ, ಕೋಲಾರ, ಹಾವೇರಿ, ಬೀದರ್, ಮೈಸೂರು ಅಂತ ಬಂತು. ಅವರು ಆ ಟೆಸ್ಟ್ ಸೇರಿಸಿದ ಕಮಿಟ್ ಹುಡುಕಿ, ಅದರ ಸಂದೇಶ ಓದಿ, ತಾವೇ ಸರಿಪಡಿಸಿದರು. ನನ್ನನ್ನು ಕೇಳಲೇ ಇಲ್ಲ. ಮಾರನೇ ದಿನ ರಿವ್ಯೂಗೆ ಬಂದಾಗ ನೋಡಿದೆ, ಪಟ್ಟಿಯ ಕೊನೆಗೆ ಅವರ ಊರು ಸೇರಿತ್ತು: ಶಿವಮೊಗ್ಗ.